ಠೇವಣಿ ಹೋಯ್ತು ಅಂದ್ರೆ ಬರೀ ಸೋತ ಅಂತಲ್ಲ ಮಾರಾಯ್ರೆ

2024ರ ನವೆಂಬರ್ 23, ಮಹಾರಾಷ್ಟ್ರ ವಿಧಾನಸಭೆ ಎಣಿಕೆ ದಿನ. ಮುಂಬೈ ಪಕ್ಕದ ನಮ್ಮ ಡೊಂಬಿವಲಿ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ "ಹಾಲಿ ಶಾಸಕರ ಎದುರು ನಿಂತವ ಠೇವಣಿ ಕಳ್ಕೊಂಡ" ಅಂತ ಮೆಸೇಜು. ನೋಡಿದ್ರೆ ಆ ಪುಣ್ಯಾತ್ಮ ಎರಡನೇ ಸ್ಥಾನದಲ್ಲಿದ್ದಾನೆ, ಮೂರರಲ್ಲಿ ಒಂದು ಪಾಲು ವೋಟು ಬಿದ್ದಿದೆ! ಸೋತಿದ್ದಾನೆ ಸರಿ, ಆದ್ರೆ ನಾಮಪತ್ರದ ಜೊತೆ ಠೇವಣಿ ಅಂತ ಕಟ್ಟಿದ ಅವನ ಹತ್ತು ಸಾವಿರ ಎಲ್ಲೂ ಹೋಗಿಲ್ಲ.

ಠೇವಣಿ ಉಳೀಬೇಕಾದ್ರೆ ಸಿಂಧು ಮತಗಳಲ್ಲಿ ಆರರಲ್ಲೊಂದು ಪಾಲಿಗಿಂತ ಜಾಸ್ತಿ ಬರ್ಬೇಕು, ನೋಟಾ ಲೆಕ್ಕಕ್ಕಿಲ್ಲ. 1,80,000 ಸಿಂಧು ಮತ ಇದ್ರೆ 30,001 ಸಾಕು, ಸರಿಯಾಗಿ 30,000 ಬಂದ್ರೆ ಹೋಯ್ತು. ಗೋವಾದ ಸಣ್ಣ ಕ್ಷೇತ್ರಗಳಲ್ಲಿ 24,000 ಬಿದ್ರೆ 4,001. ಗೆದ್ದವನಿಗೆ ಈ ಲೆಕ್ಕವೇ ಇಲ್ಲ. ಹಾಲಿ ಶಾಸಕನೂ ಒಬ್ಬ ಎದುರಾಳಿಯೂ ನೇರ ಗುದ್ದಾಡೋ ಕಡೆ ಇಬ್ಬರ ದುಡ್ಡೂ ಸಾಮಾನ್ಯವಾಗಿ ವಾಪಸ್ ಬರುತ್ತೆ, ಹೋಗೋದು ಕೆಳಗಿನ ಪಕ್ಷೇತರರದ್ದು.

ಇನ್ನು ಪದ. ಠೇವಣಿ ನಮಗೆ ಮರಾಠಿಯಿಂದ ಬಂದದ್ದು, ಠೇವಣೆ ಅಂದ್ರೆ ಇಡೋದು, ನಮ್ಮ ಇಡುಗಂಟಿನ ಇಡು ಇದ್ಯಲ್ಲ ಅದೇ. ತಮಾಷೆ ಅಂದ್ರೆ ಕೊಟ್ಟವರೇ ಚುನಾವಣೆಗೆ ಅದನ್ನ ಬಳಸಲ್ಲ. ಅವರಿಗೆ ಬ್ಯಾಂಕಿನ ಎಫ್‌ಡಿ 'ಮುದತ್ ಠೇವ್', ಪಕ್ಕದ್ಮನೆ ಕಾಕು ಮದುವೆಗೆ ಅಂತ ಕಪಾಟಿನ ತಳದಲ್ಲಿ ಮಡಚಿಟ್ಟ ಪೈಠಣಿ ಸೀರೆ 'ಠೇವಣೀತಲೀ ಸಾಡಿ', ಅಭ್ಯರ್ಥಿ ಕಟ್ಟೋ ದುಡ್ಡು ಮಾತ್ರ 'ಅನಾಮತ್ ರಕ್ಕಮ್'. ಅರಬ್ಬಿಯ ಅಮಾನತ್ತು, ಅಂದ್ರೆ ನಂಬಿ ಒಪ್ಪಿಸಿದ್ದು, ಅಕ್ಷರ ಅದಲುಬದಲಾಗಿ ಹಾಗಾಗಿದೆ. ಇಲ್ಲೇ ನಮ್ಮವರು ಎಡವೋದು, ಯಾಕಂದ್ರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ದುಡ್ಡನ್ನ ತಾತ್ಕಾಲಿಕವಾಗಿ ಬರೆದಿಡೋ ಅನಾಮತ್ತು ಖಾತೆ ಇದ್ರೂ ಬಾಯಲ್ಲಿ 'ಅನಾಮತ್ತಾಗಿ' ಅಂದ್ರೆ ಇಡಿಯಾಗಿ, ಎತ್ತಿ ಹಾಕ್ಕೊಂಡು ಹೋಗೋ ಹಾಗೆ.

ಅದೇ ಗ್ರೂಪಿನ ಹಿರಿಯರೊಬ್ರು ಮರಾಠಿ ಪೇಪರಿನ 'ಅನಾಮತ್ ಜಪ್ತ್' ಹೆಡ್ಡಿಂಗನ್ನ ಕನ್ನಡಕ್ಕೆ ತಂದು "ಎಲ್ಲಾ ಪಕ್ಷೇತರರನ್ನ ಅನಾಮತ್ತಾಗಿ ಜಪ್ತಿ ಮಾಡಿದ್ರಂತೆ" ಅಂತ ಹಾಕಿದ್ರು. ಕೆಳಗೆ ಒಬ್ಬ ಕೇಳಿದಾನೆ, "ಬೇಲ್ ಸಿಕ್ತಾ ಸಾರ್?"