ಕೊಟೇಶನ್ನಿನ ರೇಟು, ಗೋದಾಮಿನ ರೇಟು

ಮೇ ತಿಂಗಳ ಮೊದಲ ವಾರ ತೀರ್ಥಹಳ್ಳಿ ಕಡೆಯ ಗೊಬ್ಬರ, ಔಷಧಿ ಅಂಗಡಿಯವರೊಬ್ಬರು ಶಿವಮೊಗ್ಗದ ನಮ್ಮ ಆಫೀಸಿಗೆ ಬಂದಿದ್ದರು. ಕೈಯಲ್ಲಿ ಮೈಲುತುತ್ತದ (ಕಾಪರ್ ಸಲ್ಫೇಟ್) ಎರಡು ಕೊಟೇಶನ್. "ನೋಡಿ ಸಾರ್, ಇವರದ್ದು ಕಿಲೋಗೆ ಆರು ರೂಪಾಯಿ ಕಮ್ಮಿ. ಎರಡು ಟನ್ನಿಗೆ 12,000 ಉಳೀತು" ಎಂದರು. ಮಾಲು ಯಾವಾಗ ಬರುತ್ತೆ ಎಂದು ಕೇಳಿದೆ. "ಬರುತ್ತೆ ಸಾರ್, ಕಳಿಸ್ತಾರೆ."

ಈ 'ಬರುತ್ತೆ' ಎನ್ನುವ ಮಾತಿಗೆ ನಾನು ಹೆದರುತ್ತೇನೆ. ಒಂದು ಫೌಂಡ್ರಿಯ ಖರೀದಿ ವಿಭಾಗದಲ್ಲಿ ವರ್ಷಗಟ್ಟಲೆ ಕೂತವನು ನಾನು. ಈಗ ಸಣ್ಣ ವ್ಯಾಪಾರದವರಿಗೆ ಸಲಹೆ ಕೊಡುತ್ತೇನೆ. ನಾವಿಬ್ಬರೂ ಒಂದು ಹಾಳೆಯಲ್ಲಿ ಲೆಕ್ಕ ಬರೆದೆವು. ಕಡಿಮೆ ರೇಟಿನವರು ಮಾಲನ್ನು ಶಿವಮೊಗ್ಗದ ಟ್ರಾನ್ಸ್‌ಪೋರ್ಟ್ ಆಫೀಸಿನವರೆಗೆ ಮಾತ್ರ ಕಳಿಸುತ್ತಾರೆ. ಅಲ್ಲಿಂದ ಅಂಗಡಿಗೆ ಗಾಡಿ ಬಾಡಿಗೆ 5,500. ಎರಡು ಸಲ ಹಮಾಲಿ 1,600. ಪೂರ್ತಿ ಹಣ ಮೊದಲೇ ಕೊಡಬೇಕು. ಐದೂವರೆ ಲಕ್ಷಕ್ಕೆ ಶೇ. 12ರ ಬಡ್ಡಿಯಲ್ಲಿ 20 ದಿನಕ್ಕೆ ಸುಮಾರು 3,600. ಎಲ್ಲ ಸೇರಿದರೆ 10,700. ಇನ್ನೊಬ್ಬರು ಅಂಗಡಿ ಬಾಗಿಲಿಗೆ ತಂದು ಇಳಿಸುತ್ತಾರೆ, ದುಡ್ಡು ಆಮೇಲೆ. ಅಂದರೆ 12,000 ಉಳಿತಾಯದಲ್ಲಿ ಕೈಗೆ ಸಿಗುವುದು 1,300.

ಆ 1,300ಕ್ಕೆ ಅವರು ಏನನ್ನು ಪಣಕ್ಕಿಡುತ್ತಿದ್ದರು ಗೊತ್ತಾ? ಇಡೀ ಸೀಸನ್ನನ್ನು. ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ಮಿಶ್ರಣದ ಮೊದಲ ಸಿಂಪರಣೆ ಮಳೆ ಹಿಡಿಯುವ ಹೊತ್ತಿಗೆ ಆಗಬೇಕು, ಎರಡನೆಯದು 40-45 ದಿನ ಬಿಟ್ಟು. ಮಳೆ ಹೊಳವಾಗಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಸಿಗಬೇಕು. ಎರಡೂ ಕೂಡಿಬಂದ ದಿನ ಅಂಗಡಿಯಲ್ಲಿ ಮೈಲುತುತ್ತ ಇಲ್ಲದಿದ್ದರೆ ಬೆಳೆಗಾರರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಮುಂದಿನ ವರ್ಷವೂ ಅಲ್ಲಿಗೇ ಹೋಗುತ್ತಾರೆ.

ಮಾಲು ಸಮಯಕ್ಕೆ ಬಂದರೂ ಗುಣಮಟ್ಟ ನೋಡಬೇಕಲ್ವಾ? ಸುಣ್ಣವನ್ನೇ ತೆಗೆದುಕೊಳ್ಳಿ. ಶೇ. 1ರ ಮಿಶ್ರಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಗಾಳಿ ತಾಗಿದ ಹಳೆಯ ಸುಣ್ಣಕ್ಕೆ ಖಾರ ಇರುವುದಿಲ್ಲ, ಒಂದು ಕಿಲೋ ಸಾಲದು. ಉಜ್ಜಿದ ಕಬ್ಬಿಣದ ಚಾಕುವನ್ನು ಮಿಶ್ರಣದಲ್ಲಿ ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಕಡಿಮೆ ಎಂದೇ ಅರ್ಥ. ಬೆಳೆಗಾರರು ತೋಟದಲ್ಲಿ ಮಾಡುವ ಈ ಪರೀಕ್ಷೆಯನ್ನು ವ್ಯಾಪಾರಿ ಲೋಡ್ ಇಳಿಸುವ ಮೊದಲೇ ಒಂದು ಬಕೆಟ್‌ನಲ್ಲಿ ಮಾಡಬಹುದು. ಹತ್ತು ನಿಮಿಷದ ಕೆಲಸ. ಮಾಡುವವರನ್ನು ನಾನು ನೋಡಿದ್ದು ಕಡಿಮೆ.

ಬೇರೆಯವರಿಗೆ ಹೇಳುವ ಮುಂಚೆ ನನ್ನದೂ ಹೇಳಿಬಿಡುತ್ತೇನೆ. ಫೌಂಡ್ರಿಯಲ್ಲಿದ್ದಾಗ ಒಂದು ಜುಲೈನಲ್ಲಿ ಕಿಲೋಗೆ ಒಂದು ರೂಪಾಯಿ ಕಡಿಮೆ ಎಂದು 10 ಟನ್ ಗುಜರಿ ಕಬ್ಬಿಣ ತರಿಸಿದೆ, ಕಿಲೋಗೆ 35ರಂತೆ. ಉಳಿದದ್ದು 10,000. ಲಾರಿ ತೂಕಕ್ಕೆ ಬಂದಾಗ ನೀರು ಸುರಿಯುತ್ತಿತ್ತು. ಒದ್ದೆ ಗುಜರಿಯನ್ನು ಕುಲುಮೆಗೆ ಹಾಕುವ ಹಾಗಿಲ್ಲ. ಕರಗಿದ ಲೋಹದೊಳಗೆ ನೀರು ಹೋದರೆ ಸಿಡಿಯುತ್ತದೆ. ಶೆಡ್ಡಿನಲ್ಲಿ ಹರಡಿ, ಒಣಗಿಸಿ, ಕೊಡವಿ ತೂಗಿದಾಗ 400 ಕಿಲೋ ಕಮ್ಮಿ. ಅಂದರೆ 14,000 ರೂಪಾಯಿ ಕೊಟ್ಟು ನೀರು, ಮಣ್ಣು ಕೊಂಡಿದ್ದೆ. ಇಬ್ಬರ ಎರಡು ದಿನದ ಕೂಲಿ ಬೇರೆ. ಆಮೇಲೆ ಆರ್ಡರಿನಲ್ಲೇ ಒಂದು ಸಾಲು ಸೇರಿಸಿದೆ: ತೇವ, ಮಣ್ಣು ಇದ್ದರೆ ತೂಕದಲ್ಲಿ ಕಡಿತ, ಎಷ್ಟೆಂದು ಇಳಿಸುವ ಮೊದಲೇ ಇತ್ಯರ್ಥ.

ಇನ್ನು ಸ್ಟಾಕು. ಜಾಸ್ತಿ ಮಾಲು ಇಡಬೇಡಿ, ದುಡ್ಡು ಸುಮ್ನೆ ಕೂರುತ್ತದೆ ಎಂದು ಪಾಠ ಹೇಳುತ್ತಾರೆ. ಅಡಿಕೆ ಹಾಳೆ ತಟ್ಟೆ ಮಾಡುವವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಒಳ್ಳೆಯ ಹಾಳೆ ಸಿಗುವುದು ಬೇಸಗೆಯಲ್ಲಿ. ಮಳೆಗಾಲದ ಹಾಳೆಗೆ ಬೂಸ್ಟು ಹಿಡಿಯುತ್ತದೆ. ಅವರು ಮಳೆಗಾಲಕ್ಕೆ ಬೇಕಾದ ಹಾಳೆಯನ್ನು ಮೇ ಒಳಗೆ ಕೊಂಡು, ಒಣಗಿಸಿ, ನೆಲ ತಾಗದಂತೆ ಅಟ್ಟಿ ಇಡಲೇಬೇಕು. ಆದರೆ ಅದೇ ಯೂನಿಟ್‌ನವರು ರಟ್ಟಿನ ಪೆಟ್ಟಿಗೆಯನ್ನೂ ವರ್ಷಕ್ಕಾಗುವಷ್ಟು ತುಂಬಿಕೊಂಡರೆ ಅದು ದಡ್ಡತನ. ದಿನಕ್ಕೆ 12 ಪೆಟ್ಟಿಗೆ ಬೇಕು, ಹೇಳಿದ ಐದು ದಿನಕ್ಕೆ ಬರುತ್ತದೆ ಎಂದಿಟ್ಟುಕೊಳ್ಳಿ. ಬೇಸಗೆಯಲ್ಲಿ 60 ಉಳಿದಾಗ ಫೋನ್ ಮಾಡಿದರೆ ಸಾಕು. ಮಳೆಗಾಲದಲ್ಲಿ ಒಂಬತ್ತು ದಿನ ಹಿಡಿಯಿರಿ, ಮೇಲೆ ಎರಡು ದಿನದ ದಾಸ್ತಾನು ಇಡಿ. 132ಕ್ಕೆ ಇಳಿದ ಕೂಡಲೇ ಆರ್ಡರ್. ಕರಾವಳಿಯಿಂದ ಬರುವ ಮಾಲಾದರೆ ಇನ್ನೂ ಎಚ್ಚರ. ಜೋರು ಮಳೆಯಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸಿದರೆ ಲಾರಿ ಸುತ್ತಿ ಬರಬೇಕು. ಬಾಡಿಗೆಯೂ ಏರುತ್ತದೆ.

ಹಣ ಕೊಡುವ ವಿಷಯ ಚಿಕ್ಕದಾಗಿ ಹೇಳುತ್ತೇನೆ. 10 ದಿನದಲ್ಲಿ ಕೊಟ್ಟರೆ ಶೇ. 2 ರಿಯಾಯಿತಿ, ಇಲ್ಲದಿದ್ದರೆ 45 ದಿನ ಸಾಲ ಎನ್ನುತ್ತಾರೆ. ಆ 35 ದಿನಕ್ಕೆ ಶೇ. 2 ಎಂದರೆ ವರ್ಷಕ್ಕೆ ಸುಮಾರು ಶೇ. 21 ಬಡ್ಡಿ ಕಟ್ಟಿದ ಹಾಗೆ. ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಇದ್ದರೆ ಅದರಿಂದ ಕೊಡುವುದೇ ಲಾಭ. ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ಜಿಎಸ್‌ಟಿ ಬಿಲ್ಲು ಕೈಯಲ್ಲಿದ್ದರೆ ಸಾಲದು, ಅದು ಜಿಎಸ್‌ಟಿ ಪೋರ್ಟಲಿನ ನಿಮ್ಮ 2ಬಿ ಪಟ್ಟಿಯಲ್ಲಿ ಕಾಣದಿದ್ದರೆ ಇನ್‌ಪುಟ್, ಅಂದರೆ ಖರೀದಿಗೆ ಕಟ್ಟಿದ ತೆರಿಗೆಯ ವಜಾ, ಸಿಗುವುದಿಲ್ಲ. ರಿಟರ್ನ್ ಸರಿಯಾಗಿ ಹಾಕದ ಮಾರಾಟಗಾರರ ಶೇ. 2ರ ಅಗ್ಗ ನಿಮಗೆ ಶೇ. 18ರ ಹೊಡೆತ ಆಗಬಹುದು.

ಆರ್ಡರ್ ಕೊಟ್ಟವರೇ ಮಾಲು ಎಣಿಸಿ ಬಿಲ್ಲಿಗೆ ಸಹಿ ಹಾಕಬಾರದು. ಮನೆಮಂದಿಯೇ ನಡೆಸುವ ಅಂಗಡಿಯಲ್ಲಿ ಇದನ್ನು ಹೇಳುವುದು ಕಷ್ಟ, ಭಾವನಿಗೆ ಬೇಜಾರಾಗುತ್ತದೆ. ಬೇಜಾರಾಗಲಿ. ಆರ್ಡರ್, ಎಣಿಕೆ ಚೀಟಿ, ಬಿಲ್ಲು ಮೂರೂ ತಾಳೆಯಾದ ಮೇಲೆ ಹಣ.

ಮೈಲುತುತ್ತದ ಅಂಗಡಿಯವರು ಕೊನೆಗೆ ಒಂದೂವರೆ ಟನ್ನನ್ನು ಬಾಗಿಲಿಗೆ ತಂದಿಳಿಸುವವರಿಗೆ ಕೊಟ್ಟರು. ಉಳಿದ ಅರ್ಧ ಟನ್ ಅಗ್ಗದವರಿಗೆ, ಎರಡನೇ ಸಿಂಪರಣೆಗೆ, ಜುಲೈ ಮೊದಲ ವಾರಕ್ಕೆ ತಲುಪಬೇಕೆಂದು ಬರೆದು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಆ ಚಾಕು ಎಷ್ಟು ಹೊತ್ತು ಅದ್ದಬೇಕು ಸಾರ್?" ಎಂದು ಕೇಳಿದರು.