ವಿಷಯದ ಸಾಲಿನಲ್ಲಿ ಒತ್ತಕ್ಷರ ಒಡೆಯುವುದೇಕೆ: ಪೈಥಾನಿನ ಇಮೇಲ್ ಲೈಬ್ರರಿ ನಡೆದು ಬಂದ ದಾರಿ

ವಿಷಯದ ಸಾಲಿನಲ್ಲಿ ‘ಕನ್ನಡ’ ಎಂದಷ್ಟೇ ಬರೆದು ಒಂದು ಮೇಲ್ ಕಳಿಸಿ, ಬಂದದ್ದನ್ನು ಕಚ್ಚಾ ರೂಪದಲ್ಲಿ ತೆರೆದು ನೋಡಿ. ಜಿಮೇಲಿನಲ್ಲಾದರೆ ‘ಶೋ ಒರಿಜಿನಲ್’ ಒತ್ತಿದರಾಯಿತು. ಸಬ್ಜೆಕ್ಟ್ ಹೆಡರಿನ (ಪತ್ರದ ತಲೆಭಾಗದ ಮಾಹಿತಿ ಸಾಲಿನ) ಮುಂದೆ ಕನ್ನಡ ಎಲ್ಲೂ ಇರುವುದಿಲ್ಲ. ಒಂದು ಸಮ ಚಿಹ್ನೆ, ಪ್ರಶ್ನಾರ್ಥಕ, ಯುಟಿಎಫ್-8 ಎಂಬ ಹೆಸರು, ಮತ್ತೆ ಪ್ರಶ್ನಾರ್ಥಕ, ಬಿ ಅಕ್ಷರ, ಇನ್ನೊಂದು ಪ್ರಶ್ನಾರ್ಥಕ, ಆಮೇಲೆ ಇಪ್ಪತ್ತು ಇಂಗ್ಲಿಷ್ ಅಕ್ಷರ-ಅಂಕೆಗಳು, ಕೊನೆಗೆ ಪ್ರಶ್ನಾರ್ಥಕ ಮತ್ತು ಸಮ ಚಿಹ್ನೆ.

ಇಪ್ಪತ್ತೇ ಏಕೆ? ‘ಕನ್ನಡ’ದಲ್ಲಿ ಯೂನಿಕೋಡ್ ಸಂಕೇತಗಳು ಐದು: ಕ, ನ, ಹಲಂತ, ನ, ಡ. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 15. ಬೈಟುಗಳನ್ನು ಇಂಗ್ಲಿಷ್ ಅಕ್ಷರ-ಅಂಕೆಗಳಾಗಿ ಬರೆಯುವ ಬೇಸ್64 ಪದ್ಧತಿ ಪ್ರತಿ 3 ಬೈಟನ್ನು 4 ಅಕ್ಷರ ಮಾಡುತ್ತದೆ. ಹಾಗಾಗಿ ‘ಕ’ ಎಂದರೆ 4, ಎಲ್, ಕೆ, ವಿ. ಹಲಂತ ಎಂದರೆ 4, ಎಲ್, ಓ, ಎನ್. ನಡುವೆ ಖಾಲಿ ಜಾಗ ಬರುವವರೆಗೂ ಪ್ರತಿ ಸಂಕೇತವೂ 4 ಮತ್ತು ಎಲ್‌ನಿಂದಲೇ ಶುರುವಾಗುತ್ತದೆ. ಲಾಗ್ ಫೈಲುಗಳನ್ನು ದಿನವಿಡೀ ನೋಡುವವರು ಈ ಜೋಡಿಯ ಬೆನ್ನಿಗೆ ಕೆ ಅಥವಾ ಓ ಕಂಡ ಕೂಡಲೇ ‘ಇದು ಕನ್ನಡದ ಮೇಲ್’ ಎಂದುಬಿಡಬಹುದು.

ಈ ಸುತ್ತುಬಳಸಿನ ಬೇರು 1982ರಲ್ಲಿದೆ. ಆ ವರ್ಷದ ಆಗಸ್ಟಿನಲ್ಲಿ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆಗಳಾದ ಆರ್‌ಎಫ್‌ಸಿ 821 ಮತ್ತು 822 ಬಂದವು. ಪತ್ರ ಸಾಗಿಸುವ ನಿಯಮ ಮೊದಲನೆಯದರಲ್ಲಿ, ಪತ್ರದ ರೂಪದ ನಿಯಮ ಡೇವಿಡ್ ಕ್ರಾಕರ್ ಬರೆದ ಎರಡನೆಯದರಲ್ಲಿ. ಮೇಲೆ ಹೆಡರುಗಳು, ಒಂದು ಖಾಲಿ ಸಾಲು, ಕೆಳಗೆ ಒಕ್ಕಣೆ. ಎಲ್ಲವೂ 7 ಬಿಟ್ಟಿನ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕೆ, ಚಿಹ್ನೆಗಳ ಸಂಕೇತಪಟ್ಟಿ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೂ ಚಿತ್ರಕ್ಕೂ ಅಲ್ಲಿ ಜಾಗವಿರಲಿಲ್ಲ. ಹತ್ತು ವರ್ಷದ ನಂತರ, 1992ರಲ್ಲಿ, ನೇಥೇನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಮೈಮ್ ಎಂಬ ವ್ಯವಸ್ಥೆ ತಂದರು. ಅವರ ಮುಂದಿದ್ದ ಷರತ್ತು ಒಂದೇ: ಹಳೆಯ ಸರ್ವರುಗಳು ಒಂದೂ ಮುರಿಯಬಾರದು. ಆದ್ದರಿಂದ ಹೊಸದನ್ನೆಲ್ಲ ಆಸ್ಕಿಯ ವೇಷ ಹಾಕಿಸಿಯೇ ಕಳಿಸಬೇಕಾಯಿತು. ಬಹುಭಾಗದ ಪತ್ರದಲ್ಲಿ ಭಾಗಗಳನ್ನು ಬೇರ್ಪಡಿಸುವ ಮೊದಲ ಬೌಂಡರಿ ಗೆರೆಗೂ ಮುಂಚೆ ‘ಇದು ಮೈಮ್ ರೂಪದ ಬಹುಭಾಗದ ಸಂದೇಶ’ ಎಂಬ ಇಂಗ್ಲಿಷ್ ಸಾಲೊಂದು ಈಗಲೂ ಕಾಣುವುದುಂಟು. ಮೈಮ್ ಗೊತ್ತಿಲ್ಲದ ಮೇಲ್ ಓದುಗರಿಗಾಗಿ ಇಟ್ಟ ಸೂಚನೆ ಅದು. ಆ ಓದುಗರು ಹೋಗಿ ಕಾಲವಾಯಿತು, ಸಾಲು ಉಳಿದಿದೆ.

ಹೆಡರಿನ ವೇಷಕ್ಕೆ ‘ಎನ್‌ಕೋಡೆಡ್ ವರ್ಡ್’ ಎಂದು ಹೆಸರು, 1996ರ ಆರ್‌ಎಫ್‌ಸಿ 2047ರಲ್ಲಿ ಅದರ ನಿಯಮ. ಒಂದು ತುಂಡು 75 ಅಕ್ಷರ ಮೀರಬಾರದು. ಸಮ ಚಿಹ್ನೆ, ಪ್ರಶ್ನಾರ್ಥಕ, ಯುಟಿಎಫ್-8 ಎಂಬ ಹೆಸರು ಎಲ್ಲ ಸೇರಿ 12 ಅಕ್ಷರ ತಿನ್ನುತ್ತವೆ. ಉಳಿದ 63ರಲ್ಲಿ ನಾಲ್ಕರ ಗುಣಕವಾದ 60 ಮಾತ್ರ ಉಪಯೋಗಕ್ಕೆ ಬರುತ್ತದೆ, ಅಂದರೆ 45 ಬೈಟು, ಅಂದರೆ 15 ಕನ್ನಡ ಸಂಕೇತ. ಒತ್ತು, ಗುಣಿತ ಎಲ್ಲ ಲೆಕ್ಕಕ್ಕೆ ಬರುವುದರಿಂದ ನಮ್ಮ ಎರಡು ಪದ ಮುಗಿಯುವುದರೊಳಗೆ ತುಂಡು ತುಂಬಿರುತ್ತದೆ. ಇಂಗ್ಲಿಷಿನವರಿಗೆ ವರ್ಷಕ್ಕೊಮ್ಮೆಯೂ ಕಾಣದ ತೊಂದರೆ ನಮಗೆ ಪ್ರತಿ ಪತ್ರದಲ್ಲೂ ಎದುರಾಗುವುದು ಇಲ್ಲಿಂದ.

ತುಂಡುಗಳ ನಡುವಿನ ಖಾಲಿ ಜಾಗವನ್ನು ಓದುವಾಗ ಬಿಟ್ಟುಬಿಡಬೇಕು, ಒಂದು ಅಕ್ಷರದ ಬೈಟುಗಳನ್ನು ಎರಡು ತುಂಡಿಗೆ ಹಂಚಬಾರದು ಎಂದು ನಿಯಮ ಹೇಳುತ್ತದೆ. ಮೊದಲನೆಯದನ್ನು ಮರೆತು ತುಂಡುಗಳನ್ನು ಸ್ಪೇಸ್ ಹಾಕಿ ಜೋಡಿಸಿದರೆ ‘ಕನ್ ನಡ’ ಆಗುತ್ತದೆ: ಹಲಂತದ ಮುಂದೆ ಸ್ಪೇಸ್ ಬಿತ್ತು, ಒತ್ತಕ್ಷರ ಒಡೆಯಿತು. ಎರಡನೆಯದನ್ನು ಕಳಿಸುವವರು ಮುರಿದಿದ್ದು, ಓದುವವರು ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಬಿಡಿಸಿದರೆ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕವಿರುವ ಕಪ್ಪು ವಜ್ರ ಬರುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಡಿಕೋಡ್_ಹೆಡರ್ ಎಂಬ ಫಂಕ್ಷನ್ ಪಕ್ಕಪಕ್ಕದ, ಒಂದೇ ಅಕ್ಷರ-ಸಂಕೇತ ಪದ್ಧತಿಯ, ಅಂದರೆ ಒಂದೇ ಚಾರ್‌ಸೆಟ್ಟಿನ ತುಂಡುಗಳನ್ನು ಬೈಟಿನ ಮಟ್ಟದಲ್ಲೇ ಸೇರಿಸಿ ಕೊಡುತ್ತದೆ. ಸ್ವಂತ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದುಕೊಂಡವರೇ ಹೆಚ್ಚಾಗಿ ಈ ಗುಂಡಿಗೆ ಬೀಳುವುದು.

ಪೈಥಾನಿನಲ್ಲಿ ಮೊದಲಿಗೆ ಆರ್‌ಎಫ್‌ಸಿ822, ಮೈಮ್‌ಟೂಲ್ಸ್, ಮಲ್ಟಿಫೈಲ್ ಎಂದು ಬಿಡಿಬಿಡಿ ಮಾಡ್ಯೂಲುಗಳಿದ್ದವು. ಬ್ಯಾರಿ ವಾರ್ಸಾ ‘ಮೈಮ್‌ಲಿಬ್’ ಹೆಸರಿನಲ್ಲಿ ಶುರುಮಾಡಿದ ಕೆಲಸ 2001ರ ಕೊನೆಗೆ ಪೈಥಾನ್ 2.2ರಲ್ಲಿ ‘ಇಮೇಲ್’ ಪ್ಯಾಕೇಜಾಗಿ ಬಂತು. ಇಡೀ ಪತ್ರ ಒಂದು ಮರ, ಪ್ರತಿ ಭಾಗವೂ ಒಂದು ಮೆಸೇಜ್ ವಸ್ತು, ವಾಕ್ ಎಂದು ಕರೆದರೆ ಕೊಂಬೆಕೊಂಬೆಯನ್ನೂ ಸುತ್ತಿ ಬರಬಹುದು. ಈ ಕಲ್ಪನೆ ಗಟ್ಟಿಯಾಗಿತ್ತು, ಇವತ್ತಿಗೂ ಹಾಗೇ ಇದೆ. 2004ರ 2.4ರಲ್ಲಿ ಪತ್ರವನ್ನು ಬಿಡಿಸಿ ಓದುವ ಪಾರ್ಸರನ್ನು ಹೊಸದಾಗಿ ಬರೆದರು. ಕೆಟ್ಟ ಪತ್ರ ಕಂಡರೆ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆದು ಕೈಚೆಲ್ಲುವ ಬದಲು ಅದು ಸಿಕ್ಕಷ್ಟನ್ನು ಕಟ್ಟಿ, ಏನು ತಪ್ಪಿದೆ ಎಂಬುದನ್ನು ಡಿಫೆಕ್ಟ್ಸ್ ಪಟ್ಟಿಯಲ್ಲಿ ಬರೆದಿಡುತ್ತದೆ: ಬೌಂಡರಿ ಹೆಸರಿಸಿಲ್ಲ, ಮುಚ್ಚುವ ಬೌಂಡರಿ ಸಿಗಲಿಲ್ಲ, ಹೆಡರಿಗೂ ಒಕ್ಕಣೆಗೂ ನಡುವೆ ಖಾಲಿ ಸಾಲಿಲ್ಲ, ಹೀಗೆ. ಸ್ಪ್ಯಾಮ್ ತುಂಬಿದ ಲೋಕದಲ್ಲಿ ಇದೇ ಸರಿ. ಆ ಪಟ್ಟಿಯನ್ನು ಯಾರೂ ತೆರೆದು ನೋಡುವುದಿಲ್ಲ ಎಂಬುದು ಬೇರೆ ಮಾತು.

ನಿಜವಾದ ಪೆಟ್ಟು ಬಿದ್ದದ್ದು 2008ರ ಡಿಸೆಂಬರಿನಲ್ಲಿ. ಪೈಥಾನ್ 3 ಪಠ್ಯ ಬೇರೆ, ಬೈಟು ಬೇರೆ ಎಂದು ಗೆರೆ ಎಳೆಯಿತು. ಇಮೇಲ್ ಲೈಬ್ರರಿ ಪಠ್ಯದ ಕಡೆಗೆ ಬಿತ್ತು. ಆದರೆ ಸರ್ವರಿನಿಂದ ಬರುವುದು ಬೈಟು. ಒಂದೇ ಪತ್ರದ ಒಂದು ಭಾಗ ಯುಟಿಎಫ್-8, ಇನ್ನೊಂದು ಲ್ಯಾಟಿನ್-1 ಆಗಿರಬಹುದು. ಭಾಗಗಳನ್ನು ಬಿಡಿಸುವ ಮೊದಲೇ ಇಡೀ ಪತ್ರವನ್ನು ಪಠ್ಯ ಮಾಡಿ ಎಂದರೆ ಯಾವ ಚಾರ್‌ಸೆಟ್ಟಿನಿಂದ ಮಾಡುವುದು? 2011ರ 3.2ರಲ್ಲಿ ಮೆಸೇಜ್_ಫ್ರಮ್_ಬೈಟ್ಸ್ ಬಂದು ದಾರಿ ಸಿಕ್ಕಿತು. ಒಳಗಿನ ತಂತ್ರ ಜಾಣತನದ್ದು: ಆಸ್ಕಿ ಅಲ್ಲದ ಪ್ರತಿ ಬೈಟನ್ನೂ ನಿಜವಾದ ಅಕ್ಷರವಲ್ಲದ ಒಂದು ‘ಸರೊಗೇಟ್’ ಸಂಕೇತದೊಳಗೆ ಬಚ್ಚಿಟ್ಟು, ಬೇಕಾದಾಗ ಹಾಗೇ ಹೊರತೆಗೆಯುವುದು. ಅಂಥ ಸಂಕೇತ ಸೋರಿ ನಿಮ್ಮ ಸ್ಟ್ರಿಂಗಿಗೆ ಬಂದಿದ್ದರೆ, ಯುಟಿಎಫ್-8ರಲ್ಲಿ ಫೈಲಿಗೋ ಡೇಟಾಬೇಸಿಗೋ ಬರೆಯುವಾಗ ‘ಸರೊಗೇಟ್ಸ್ ನಾಟ್ ಅಲೌಡ್’ ಎಂಬ ದೋಷ ಕಾಣುತ್ತದೆ. ದೋಷ ಬರೆಯುವ ಕಡೆ ಕಂಡರೂ ಕಾರಣ ಓದುವ ಕಡೆಯೇ ಇರುತ್ತದೆ.

ಆಮೇಲೆ ಆರ್. ಡೇವಿಡ್ ಮರ್ರೇ, ಪತ್ರವನ್ನು ಹೇಗೆ ಓದಬೇಕು, ಹೇಗೆ ಬರೆಯಬೇಕು ಎಂದು ಹೇಳುವ ‘ಪಾಲಿಸಿ’ ಎಂಬ ಪದರ ಸೇರಿಸಿದರು. 2012ರ 3.3ರಲ್ಲಿ ಪ್ರಯೋಗವಾಗಿ ಬಂದದ್ದು 2016ರ 3.6ರಲ್ಲಿ ಖಾಯಂ ಆಯಿತು. ಆದರೆ ಹಳೆಯ ಪ್ರೋಗ್ರಾಮುಗಳು ಕೆಡಬಾರದೆಂದು, ಪಾಲಿಸಿ ಹೇಳದಿದ್ದರೆ ಕಾಂಪ್ಯಾಟ್32 ಎಂಬ ಹಳೆಯ ನಡವಳಿಕೆಯೇ ಸಿಗುತ್ತದೆ. 1992ರ ಮೈಮ್ ಒಪ್ಪಿಕೊಂಡ ಷರತ್ತೇ ಮತ್ತೆ! ಹೆಸರಿನಿಂದ ಮೋಸಹೋಗುವುದು ಸುಲಭ, ಏಕೆಂದರೆ ‘ಪಾಲಿಸಿ.ಡಿಫಾಲ್ಟ್’ ಎಂಬುದು ಡಿಫಾಲ್ಟ್ ಆಗಿ ಬರುವುದಿಲ್ಲ. ಮೆಸೇಜ್_ಫ್ರಮ್_ಬೈಟ್ಸ್‌ಗೆ ‘ಪಾಲಿಸಿ’ ಎಂಬ ಹೆಸರು ಹೇಳಿ ನೀವೇ ಕೊಡಬೇಕು.

ಕೊಡದಿದ್ದರೆ ಸಬ್ಜೆಕ್ಟ್ ಕೇಳಿದಾಗ ಆ 4-ಎಲ್ ಸರಮಾಲೆಯೇ ಕೈಗೆ ಬರುತ್ತದೆ, ಬಿಡಿಸಿದ ಕನ್ನಡ ಅಲ್ಲ. ಒಕ್ಕಣೆಗೆ ಗೆಟ್_ಪೇಲೋಡ್ ಕರೆದು ಡಿಕೋಡ್ ಟ್ರೂ ಎಂದರೆ ಬೈಟು ಸಿಗುತ್ತದೆ. ಪತ್ರ ಮಲ್ಟಿಪಾರ್ಟ್ (ಬಹುಭಾಗದ್ದು) ಆಗಿದ್ದರೆ ‘ನನ್’, ಅಂದರೆ ಏನೂ ಇಲ್ಲ ಎಂಬ ಮೌಲ್ಯ, ಸಿಗುತ್ತದೆ, ಅದರ ಮೇಲೆ ಡಿಕೋಡ್ ಕರೆದ ಪ್ರೋಗ್ರಾಮು ಅಲ್ಲೇ ಬೀಳುತ್ತದೆ. ಪರೀಕ್ಷೆಗೆ ಕಳಿಸಿಕೊಂಡ ಸಾದಾ ಪಠ್ಯದ ಮೇಲಿನಲ್ಲಿ ಎಲ್ಲ ಸರಿ, ಲಗತ್ತಿರುವ ಮೊದಲ ಮೇಲಿಗೇ ಎಡವಟ್ಟು. ಪಾಲಿಸಿ.ಡಿಫಾಲ್ಟ್ ಕೊಟ್ಟರೆ ಗೆಟ್_ಬಾಡಿ, ಗೆಟ್_ಕಂಟೆಂಟ್, ಇಟರ್_ಅಟ್ಯಾಚ್‌ಮೆಂಟ್ಸ್ ಸಿಗುತ್ತವೆ. ಗೆಟ್_ಬಾಡಿಗೆ ಆದ್ಯತೆ ಹೇಳದಿದ್ದರೆ ಎಚ್‌ಟಿಎಂಎಲ್ ಒಕ್ಕಣೆಯನ್ನೇ ಮೊದಲು ಆರಿಸುತ್ತದೆ. ಸಾದಾ ಪಠ್ಯ ಬೇಕಿದ್ದರೆ ‘ಪ್ಲೇನ್’ ಅನ್ನು ಮುಂದಿಡಿ.

ಚಾರ್‌ಸೆಟ್ ಸರಿಯಿದ್ದರೂ ಕನ್ನಡ ಬರದ ಪತ್ರಗಳುಂಟು. ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಬರೆದವು ಲ್ಯಾಟಿನ್ ಚಾರ್‌ಸೆಟ್ಟಿನ ಚೀಟಿ ಅಂಟಿಸಿಕೊಂಡೇ ಬಂದಿರುತ್ತವೆ. ಲೈಬ್ರರಿ ಒಂದೂ ದೋಷ ತೋರದೆ ಬಿಡಿಸಿ, ಓದಲಾಗದ ಅಕ್ಷರಗಳನ್ನು ಕೊಡುತ್ತದೆ. ಅದಕ್ಕೆ ಬೇಕಾದದ್ದು ಯೂನಿಕೋಡ್ ಪರಿವರ್ತಕ.

ಲಗತ್ತಿನ ಹೆಸರಿನ ಕಥೆ ಇನ್ನೂ ಗೋಜಲು. ನಿಯಮದ ಪ್ರಕಾರ ಫೈಲಿನ ಹೆಸರಿಗೆ ಆರ್‌ಎಫ್‌ಸಿ 2231ರ ನಕ್ಷತ್ರ ಚಿಹ್ನೆಯ ಪದ್ಧತಿ ಬಳಸಬೇಕು, ಉದ್ಧರಣ ಚಿಹ್ನೆಯೊಳಗೆ ಎನ್‌ಕೋಡೆಡ್ ವರ್ಡ್ ಇಡಲೇಬಾರದು. ಆದರೂ ಇಡುವವರಿದ್ದಾರೆ. ಹೊಸ ಪಾಲಿಸಿ ಅದನ್ನು ಬಿಡಿಸಿಕೊಟ್ಟು ಡಿಫೆಕ್ಟ್ ಬರೆದಿಡುತ್ತದೆ, ಹಳೆಯದು ಹಾಗೇ ಕೈಗಿಡುತ್ತದೆ.

ದಿನಾಂಕ ಸುಲಭವೆನಿಸುತ್ತದೆ. ನಮ್ಮ ಪತ್ರಗಳಲ್ಲಿ +0530 ಇದ್ದರೆ ಸಮಯವಲಯ ತಿಳಿದ ಡೇಟ್‌ಟೈಮ್ ಬರುತ್ತದೆ. −0000 ಎಂದಿದ್ದರೆ ವಲಯವಿಲ್ಲದ್ದು. ಎರಡನ್ನೂ ಒಂದೇ ಪಟ್ಟಿಗೆ ಹಾಕಿ ವಿಂಗಡಿಸಲು ಹೋದರೆ ಟೈಪ್ ಎರರ್. ರಿಸೀವ್ಡ್ ಹೆಡರುಗಳನ್ನು ಗೆಟ್_ಆಲ್ ಮೂಲಕ ತೆಗೆದು ಕೆಳಗಿನಿಂದ ಮೇಲಕ್ಕೆ ಓದಬೇಕು, ಏಕೆಂದರೆ ಪ್ರತಿ ಸರ್ವರೂ ತನ್ನ ಮುದ್ರೆಯನ್ನು ಮೇಲೆಯೇ ಒತ್ತುತ್ತದೆ.

ವಿಳಾಸ ಬಿಡಿಸುವ ಪಾರ್ಸ್‌ಆಡ್ರ್ ವರ್ಷಗಟ್ಟಲೆ ಉದಾರವಾಗಿತ್ತು. ವಿಶೇಷ ಚಿಹ್ನೆ ಸೇರಿಸಿ ಕಟ್ಟಿದ ಸಾಲಿನಿಂದ ತಪ್ಪು ಭಾಗವನ್ನೇ ವಿಳಾಸವೆಂದು ಕೊಡುತ್ತಿತ್ತು. ‘ನಮ್ಮ ಡೊಮೇನಿನವರಿಗೆ ಮಾತ್ರ ಪ್ರವೇಶ’ ಎಂದು ಅದನ್ನು ನಂಬಿ ಬಾಗಿಲು ಕಾಯುವ ಪ್ರೋಗ್ರಾಮಿಗೆ ಇದು ಅಪಾಯ. ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2023-27043 ಎಂದು ದಾಖಲಾದ ಮೇಲೆ ‘ಸ್ಟ್ರಿಕ್ಟ್’ ಎಂಬ ಆಯ್ಕೆ ಬಂತು. ಈಗ ಅನುಮಾನ ಬಂದರೆ ಎರಡು ಖಾಲಿ ಸ್ಟ್ರಿಂಗ್ ಬರುತ್ತವೆ. ಅದನ್ನು ನಿಮ್ಮ ಕೋಡು ತಿರಸ್ಕಾರವೆಂದೇ ಎಣಿಸಬೇಕು.

ಪತ್ರವನ್ನು ಓದಿ ಮತ್ತೆ ಬರೆದು ಮುಂದಕ್ಕೆ ಕಳಿಸುವವರಿಗೆ ಇನ್ನೊಂದು ತೊಡಕು. ಪಾಲಿಸಿ.ಡಿಫಾಲ್ಟ್ 78 ಅಕ್ಷರ ಮೀರಿದ ಹೆಡರ್ ಸಾಲುಗಳನ್ನು ಬರೆಯುವಾಗ ಮತ್ತೆ ಮಡಿಸುತ್ತದೆ, ಕನ್ನಡದ ಸಬ್ಜೆಕ್ಟನ್ನು ಬೇರೆ ಜಾಗದಲ್ಲಿ ತುಂಡರಿಸುತ್ತದೆ. ಓದುವವರಿಗೆ ಒಂದೇ, ಪತ್ರ ದಾರಿಯಲ್ಲಿ ಬದಲಾಗಿಲ್ಲ ಎಂದು ತೋರಿಸುವ ಡಿಕೆಐಎಂ ಸಹಿಗೆ ಅಲ್ಲ. ಆ ಸಹಿಯ ‘ರಿಲ್ಯಾಕ್ಸ್ಡ್’ ವಿಧಾನ ಖಾಲಿ ಜಾಗದಂಥ ಸಣ್ಣ ವ್ಯತ್ಯಾಸವನ್ನಷ್ಟೇ ಸಹಿಸುತ್ತದೆ, ಬದಲಾದ ಬೇಸ್64 ತುಂಡನ್ನಲ್ಲ. ರಿಫೋಲ್ಡ್_ಸೋರ್ಸ್ ಅನ್ನು ‘ನನ್’ ಎಂಬ ಸ್ಟ್ರಿಂಗಿಗೆ ಇಟ್ಟರೆ ಮಡಿಕೆ ಮೊದಲಿದ್ದಂತೆ ಉಳಿಯುತ್ತದೆ. ಅದಕ್ಕಿಂತ ನೆಚ್ಚಿಕೆಯ ದಾರಿಯೆಂದರೆ ಸರ್ವರಿನಿಂದ ಬಂದ ಬೈಟುಗಳನ್ನು ಪಾರ್ಸರಿಗೆ ಕೊಡುವ ಮೊದಲೇ .ಇಎಂಎಲ್ ಫೈಲಾಗಿ ಉಳಿಸಿ, ಸಹಿ ಪರೀಕ್ಷೆಗೆ ಆ ಫೈಲನ್ನೇ ಕೊಡುವುದು.