ನಮ್ಮದೇ ಊರಿನ ನೇಮದ ಅಧ್ಯಯನವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನನ್ನದು ದಕ್ಷಿಣ ಕನ್ನಡದ ಒಂದು ಹಳ್ಳಿ. ನಮ್ಮ ಮನೆತನದ ದೈವದ ನೇಮವನ್ನೇ, ಅಂದರೆ ದೈವವನ್ನು ಆರಾಧಿಸುವ ಆಚರಣೆಯನ್ನೇ, ಸಂಶೋಧನೆಗೆ ಆರಿಸಿಕೊಂಡಿದ್ದೇನೆ. ಚಿಕ್ಕಂದಿನಿಂದ ನೋಡಿದ್ದರ ಬಗ್ಗೆ ಕ್ಷೇತ್ರಕಾರ್ಯವನ್ನು ಹೇಗೆ ಯೋಜಿಸಬೇಕು?

ಉತ್ತರ: ಪ್ರಶ್ನಾವಳಿ ಸಿದ್ಧಪಡಿಸುವ ಮೊದಲು, ಇಷ್ಟು ವರ್ಷ ಆ ನೇಮವನ್ನು ಎಲ್ಲಿ ಕುಳಿತು ನೋಡಿದಿರಿ ಎಂಬುದನ್ನು ವಿವರವಾಗಿ ಬರೆದುಕೊಳ್ಳಿ. ಗುತ್ತಿನ (ಊರಿನ ಪ್ರಮುಖ ಮನೆತನದ) ಯಜಮಾನರ ಪಕ್ಕದಲ್ಲಿ ಕುಳಿತವರಿಗೆ ಕಾಣುವ ನೇಮವೇ ಬೇರೆ, ದೈವ ಕಟ್ಟುವ (ದೈವದ ವೇಷ ಧರಿಸಿ ನರ್ತಿಸುವ) ಪಂಬದ, ಪರವ, ನಲಿಕೆ ಸಮುದಾಯದವರಿಗೆ ಅಥವಾ ದೀವಟಿಗೆ ಹಿಡಿಯುವ ಮಡಿವಾಳರಿಗೆ ಕಾಣುವ ನೇಮವೇ ಬೇರೆ. ಹುಟ್ಟಿದ ಮನೆ, ಜಾತಿ, ವಯಸ್ಸು, ಲಿಂಗ ಇವುಗಳಿಂದಾಗಿ ನೀವು ಎಂದೂ ಹೋಗದ ಜಾಗ ಯಾವುದು, ಎಂದೂ ಮಾತನಾಡಿಸದ ಜನ ಯಾರು ಎಂದು ಗುರುತಿಸಿದರೆ ಅರ್ಧ ಯೋಜನೆ ಅಲ್ಲೇ ಸಿಗುತ್ತದೆ.

ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಭಾಷೆ ಅವರಿಗೆ ತೊಡಕಾಗಿರಲಿಲ್ಲ. ಆದರೂ ಬ್ರಾಹ್ಮಣರಾಗಿ, ಊರ ಮುಖ್ಯಸ್ಥರ ಆಶ್ರಯದಲ್ಲಿದ್ದುದರಿಂದ ತಮ್ಮದು ಮೇಲ್ಜಾತಿಯ ನೋಟವಾಯಿತೆಂದೂ ದಲಿತರ ಮತ್ತು ಮುಸ್ಲಿಮರ ಕೇರಿಗಳಲ್ಲಿ ಸಾಕಷ್ಟು ಸಮಯ ಕಳೆಯಲಿಲ್ಲವೆಂದೂ ಅವರೇ ಮುಂದೆ ಬರೆದರು. ತಮ್ಮ ಜನರನ್ನು ತಾವೇ ಅಧ್ಯಯನ ಮಾಡಹೊರಟ ಪ್ರತಿಯೊಬ್ಬರೂ ಮೊದಲ ದಿನವೇ ಇದನ್ನು ನೆನೆಯಬೇಕೆಂದು ನನಗೆ ಅನ್ನಿಸುತ್ತದೆ.

ಕಾಲವನ್ನು ಊರಿನ ಲೆಕ್ಕದಲ್ಲೇ ಹಾಕಿಕೊಳ್ಳಿ. ಸಾಮಾನ್ಯವಾಗಿ ದೀಪಾವಳಿಯ ನಂತರ ಆರಂಭವಾಗುವ ಕೋಲ, ನೇಮಗಳು ಮೇ 24ರ ಸುಮಾರಿಗೆ ಬರುವ ಪತ್ತನಾಜೆ ಎಂಬ ದಿನಕ್ಕೆ ನಿಲ್ಲುತ್ತವೆ. ಆ ತಿಂಗಳುಗಳಲ್ಲಿ ದೈವ ಕಟ್ಟುವವರಿಗೆ ನಿದ್ದೆಗೂ ಬಿಡುವಿರುವುದಿಲ್ಲ, ದೀರ್ಘ ಸಂದರ್ಶನಕ್ಕೆ ಮಳೆಗಾಲವೇ ಸರಿ. ನಾಟಿಯ ಗದ್ದೆಯಲ್ಲಿ ಹೆಂಗಸರು ಹಾಡುತ್ತಿದ್ದ ಪಾಡ್ದನಗಳನ್ನು (ತುಳು ಕಥನಗೀತೆಗಳನ್ನು) ಬಲ್ಲ ಹಿರಿಯರನ್ನು ಹುಡುಕುವುದಕ್ಕೂ ಅದೇ ಹೊತ್ತು. ಆದ್ದರಿಂದ ಕನಿಷ್ಠ ಒಂದು ಪೂರ್ಣ ವರ್ಷ ಬೇಕು.

ನಿಮ್ಮ ಅತ್ತೆಯನ್ನೋ ಮಾವನನ್ನೋ ಕೇಳಿದರೆ "ನಿನಗೆ ಗೊತ್ತಿಲ್ಲದ್ದೇನು?" ಎಂಬ ಉತ್ತರ ಬರುತ್ತದೆ. ಹಾಗಾಗಿ ಅದೇ ದೈವದ ನೇಮವನ್ನು ಮೊದಲು ನೆರೆಯ ಊರಿನಲ್ಲಿ ನೋಡಿ ಬನ್ನಿ. ದೈವ ಕಟ್ಟುವವರಿಗೆ ಎಣ್ಣೆಬೂಳ್ಯ (ಎಣ್ಣೆ, ವೀಳ್ಯ) ಕೊಡುವ ಕ್ರಮದಲ್ಲೋ ದೈವಕ್ಕೆ ಆಹಾರ ಅರ್ಪಿಸುವ ಬಾರಣೆಯಲ್ಲೋ ಕಂಡ ವ್ಯತ್ಯಾಸವನ್ನು ಮುಂದಿಟ್ಟು "ಅಲ್ಲಿ ಹೀಗಿದೆ, ನಮ್ಮಲ್ಲಿ ಏಕಿಲ್ಲ?" ಎಂದು ಕೇಳಿದರೆ ಮನೆಯವರು ವಿವರವಾಗಿ ಮಾತನಾಡುತ್ತಾರೆ. ಅವರು ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ಬರೆದುಕೊಳ್ಳಿ, ಅನುವಾದ ಆಮೇಲಿರಲಿ.

ಅನುಮತಿಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ಯಜಮಾನರು ಒಪ್ಪಿದರೆಂದರೆ ದೈವ ಕಟ್ಟುವವರೂ ಒಪ್ಪಿದಂತಲ್ಲ, ಗುತ್ತಿನವರ ಎದುರಿನಲ್ಲಿ ಅವರು ಬೇಡವೆನ್ನುವುದು ಕಷ್ಟ. ಆದ್ದರಿಂದ ಅವರ ಮನೆಗೇ ಹೋಗಿ, ಧ್ವನಿಮುದ್ರಣ ಏಕೆ, ಅದನ್ನು ಯಾರು ಕೇಳುತ್ತಾರೆ ಎಂಬುದನ್ನು ತಿಳಿಸಿ ಪ್ರತ್ಯೇಕವಾಗಿ ಕೇಳಿಕೊಳ್ಳಿ. ಕುಟುಂಬದ ಜಗಳ, ಆಸ್ತಿ, ಕಾಯಿಲೆಗಳ ಕುರಿತು ದೈವ ಕೊಟ್ಟ ನುಡಿಯನ್ನು ಸಂಬಂಧಪಟ್ಟವರು ಒಪ್ಪದೆ ಪ್ರಕಟಿಸಬೇಡಿ. ಹೆಸರು ಬದಲಿಸಿದರೂ ಊರಿನವರಿಗೆ ಅದು ಯಾರ ಮನೆಯ ವಿಷಯವೆಂದು ತಿಳಿದೇ ತಿಳಿಯುತ್ತದೆ.